ಯಾರಿಗೆ ಹೇಳುವುದು, ಯಾರನ್ನು ಕೇಳುವುದು, ಯಾರಿಗೆ ಬಿಟ್ಟುಕೊಡುವುದು

ಗೇರುಬೀಜ ಕಾರ್ಖಾನೆಯ ಗ್ರೇಡಿಂಗ್ ಮೇಜಿನಲ್ಲಿ ಡಬ್ಲ್ಯು 240, ಡಬ್ಲ್ಯು 320 ಎಂಬ ಹೆಸರುಗಳು ದಿನವಿಡೀ ಕೇಳುತ್ತವೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಹೆಚ್ಚೆಂದರೆ 240 ಇಡೀ ತಿರುಳು ತೂಗಿದರೆ ಅದು ಡಬ್ಲ್ಯು 240. ಹೆಚ್ಚೆಂದರೆ 320 ತೂಗಿದರೆ ಡಬ್ಲ್ಯು 320. ಲೆಕ್ಕ ಹಾಕಿ ನೋಡಿ: ಮೊದಲನೆಯದರ ಒಂದು ತಿರುಳು ಸುಮಾರು 1.9 ಗ್ರಾಂ, ಎರಡನೆಯದರದ್ದು 1.4 ಗ್ರಾಂ. ಅರ್ಧ ಗ್ರಾಮಿನ ಈ ವ್ಯತ್ಯಾಸವನ್ನು ತಕ್ಕಡಿ ಮುಟ್ಟದೆ ಕಣ್ಣು ಬೆರಳುಗಳಲ್ಲೇ ಹಿಡಿಯುವ ಹೆಂಗಸರಿಂದ ನಮ್ಮ ಕರಾವಳಿಯ ಗೇರು ಉದ್ಯಮ ನಡೆಯುತ್ತಿದೆ.

ಅಂಥ ಒಬ್ಬರನ್ನು ಹತ್ತು ವರ್ಷದ ಕೆಲಸದ ಮೇಲೆ ಸೂಪರ್‌ವೈಸರ್ ಮಾಡಿದರು ಎಂದುಕೊಳ್ಳಿ. ಮ್ಯಾನೇಜರು ಕರೆದು, "ನಿಮಗೆ ಎಲ್ಲ ಗೊತ್ತುಂಟಲ್ಲ ಅಕ್ಕ, ನೋಡ್ಕೊಳ್ಳಿ" ಎಂದು ಹೇಳಿ ಹೋಗುತ್ತಾರೆ. ಒಂದು ತಿಂಗಳಲ್ಲಿ ತೂಕದ ಪುಸ್ತಕ ತಾಳೆಯಾಗುವುದಿಲ್ಲ. ಇಬ್ಬರು ಕೆಲಸದವರ ನಡುವೆ ಮಾತು ನಿಂತಿದೆ. ಹೊಸ ಸೂಪರ್‌ವೈಸರು ಅದನ್ನೆಲ್ಲ ಬಿಟ್ಟು ತಾವೇ ಮೇಜಿಗೆ ಕೂತು ಬೀಜ ಆರಿಸುತ್ತಿದ್ದಾರೆ. "ಒಳ್ಳೆ ಕೆಲಸದವರು, ಆದರೆ ಮೇಲ್ವಿಚಾರಣೆಗೆ ಆಗುವುದಿಲ್ಲ" ಎಂದು ಆಫೀಸಿನಲ್ಲಿ ತೀರ್ಮಾನವಾಗುತ್ತದೆ.

ಈ ತೀರ್ಮಾನ ತಪ್ಪು, ಮತ್ತು ಇದರಿಂದ ಒಬ್ಬರ ಮರ್ಯಾದೆಗೆ ಪೆಟ್ಟು ಬೀಳುತ್ತದೆ. ಗ್ರೇಡಿಂಗಿನಲ್ಲಿ ಪಳಗಿದ ಆ ಹೆಂಗಸು ಮೇಲ್ವಿಚಾರಣೆಯಲ್ಲಿ ಮೊದಲ ದಿನದ ಕೆಲಸಗಾರ್ತಿ. ಪಳಗಿದವರ ಜೊತೆ ನಡೆದುಕೊಳ್ಳುವ ಹಾಗೆ ಮ್ಯಾನೇಜರು ಹೊಸಬರ ಜೊತೆ ನಡೆದುಕೊಂಡರು. ನಾಯಕತ್ವದ ಶೈಲಿ ಬದಲಿಸುವುದರ ಬಗ್ಗೆ ಎಷ್ಟೇ ಓದಿದರೂ ಈ ಒಂದು ವಿಷಯ ಕೈತಪ್ಪಿದರೆ ಮಿಕ್ಕಿದ್ದು ಉಪಯೋಗಕ್ಕೆ ಬರುವುದಿಲ್ಲ. ಅಳೆಯಬೇಕಾದ್ದು ಈ ಕೆಲಸದಲ್ಲಿ ಈ ವ್ಯಕ್ತಿ ಎಲ್ಲಿದ್ದಾರೆ ಎಂಬುದನ್ನು. "ಇವರು ಹೇಗೆ?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಈ ವಿಚಾರವನ್ನು ಒಂದು ಚೌಕಟ್ಟಿಗೆ ತಂದವರು ಅಮೆರಿಕದ ನಿರ್ವಹಣಾ ತಜ್ಞರಾದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್, 1969ರಲ್ಲಿ. ಅದಕ್ಕೂ ಮೊದಲು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಕರ ನಡವಳಿಕೆಯಲ್ಲಿ ಎರಡು ಎಳೆಗಳನ್ನು ಗುರುತಿಸಿದ್ದರು. ಒಂದು, ಕೆಲಸವನ್ನು ಕ್ರಮಕ್ಕೆ ತರುವುದು: ಯಾರು, ಏನು, ಯಾವಾಗ, ಹೇಗೆ ಎಂದು ಹೇಳುವುದು. ಇನ್ನೊಂದು, ಮನುಷ್ಯನನ್ನು ನೋಡಿಕೊಳ್ಳುವುದು: ಕೇಳಿಸಿಕೊಳ್ಳುವುದು, ಧೈರ್ಯ ತುಂಬುವುದು, ಅಭಿಪ್ರಾಯಕ್ಕೆ ಬೆಲೆ ಕೊಡುವುದು. ಇವೆರಡನ್ನೂ ಹೆಚ್ಚು ಕಡಿಮೆ ಮಾಡಿದರೆ ನಾಲ್ಕು ರೀತಿ ಸಿಗುತ್ತವೆ. ಹೇಳಿ ಮಾಡಿಸುವುದು, ಕಾರಣ ಕೊಟ್ಟು ಒಪ್ಪಿಸುವುದು, ಜೊತೆಗೆ ನಿಂತು ಅವರಿಂದಲೇ ನಿರ್ಧಾರ ತರಿಸುವುದು, ಪೂರ್ತಿ ವಹಿಸಿಕೊಡುವುದು. ಕೆಲಸಗಾರ ಬೆಳೆದಂತೆ ನಾಯಕ ಮೊದಲನೆಯದರಿಂದ ನಾಲ್ಕನೆಯದಕ್ಕೆ ಸರಿಯಬೇಕು. ಚೌಕಟ್ಟು ಇಷ್ಟೇ. ಕಷ್ಟ ಇರುವುದು ಅದನ್ನು ಬೆಳಿಗ್ಗೆ ಎಂಟೂವರೆಗೆ ಶೆಡ್ಡಿನಲ್ಲಿ ನಿಂತು ಬಳಸುವುದರಲ್ಲಿ.

ಮೊದಲ ಹೆಜ್ಜೆ, ಹುದ್ದೆಯನ್ನು ಬಿಡಿಸುವುದು. "ಸೂಪರ್‌ವೈಸರ್" ಎನ್ನುವುದು ಒಂದು ಕೆಲಸ ಅಲ್ಲ. ಹಾಜರಿ ಹಾಕುವುದು, ಬೆಳಿಗ್ಗೆ ಮಾಲು ಹಂಚುವುದು, ಸಂಜೆ ತೂಗಿ ಬರೆಯುವುದು, ಬೆರಕೆಯಾದ ಗ್ರೇಡನ್ನು ಹಿಡಿದು ವಾಪಸು ಕೊಡುವುದು, ಜಗಳ ಬಿಡಿಸುವುದು, ಆಫೀಸಿಗೆ ವರದಿ ಒಪ್ಪಿಸುವುದು ಎಂದು ಅದರಲ್ಲಿ ಕನಿಷ್ಠ ಆರು ಕೆಲಸಗಳಿವೆ. ಒಂದು ಹಾಳೆಯಲ್ಲಿ ಆರನ್ನೂ ಬರೆದು ಪ್ರತಿಯೊಂದರ ಎದುರು ಎರಡು ಗುರುತು ಹಾಕಿ: ಮಾಡಲು ಬರುತ್ತದೆಯೇ, ಮಾಡಲು ಮನಸ್ಸು ಮತ್ತು ಧೈರ್ಯ ಉಂಟೇ. ನಮ್ಮ ಅಕ್ಕನಿಗೆ ಬೆರಕೆ ಹಿಡಿಯುವುದರಲ್ಲಿ ಎರಡೂ ಇವೆ, ಅಲ್ಲಿ ಮ್ಯಾನೇಜರು ಬಾಯಿ ಹಾಕಬಾರದು. ತೂಕ ಬರೆಯುವುದು ಬರುವುದಿಲ್ಲ, ಕಲಿಯಲು ಮನಸ್ಸಿದೆ. ಜಗಳ ಬಿಡಿಸಲು ತಿಳಿವಳಿಕೆ ಇದೆ, ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಊಟ ಮಾಡಿದವರಿಗೆ ಬುದ್ಧಿ ಹೇಳಲು ಧೈರ್ಯ ಇಲ್ಲ. ಒಬ್ಬರೇ ವ್ಯಕ್ತಿಗೆ ಮೂರು ರೀತಿಯ ನಡವಳಿಕೆ ಬೇಕು, ಅದೂ ಒಂದೇ ದಿನ.

ಗುರುತು ಹಾಕುವಾಗ ನಮ್ಮ ಕಡೆಯ ಒಂದು ದೊಡ್ಡ ತೊಡಕು "ಆಯ್ತು" ಎಂಬ ಪದ. "ಗೊತ್ತಾಯ್ತಾ?" ಎಂದು ಕೇಳಿದರೆ "ಆಯ್ತು ಸರ್" ಎಂಬ ಉತ್ತರ ಬರುತ್ತದೆ. ಅದರ ಅರ್ಥ ತಿಳಿಯಿತು ಎಂದಲ್ಲ, ನಿಮ್ಮ ಮಾತು ಕಿವಿಗೆ ಬಿತ್ತು, ಇನ್ನು ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ ಎಂದು. ಇದು ಮರ್ಯಾದೆಯಿಂದ ಬಂದದ್ದು, ಕಳ್ಳತನದಿಂದಲ್ಲ. ಹಾಗಾಗಿ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಬೇಡಿ. "ಈಗ ಹೋಗಿ ಮೊದಲು ಎಂತ ಮಾಡ್ತೀರಿ?" ಎಂದು ಕೇಳಿ. ಎರಡನೇ ಪ್ರಶ್ನೆ: "ಇದರಲ್ಲಿ ಎಲ್ಲಿ ತಪ್ಪಬಹುದು?" ಕೆಲಸ ಬಲ್ಲವರು ಇದಕ್ಕೆ ಕೂಡಲೇ ಉತ್ತರಿಸುತ್ತಾರೆ, ತಪ್ಪಿದ ಅನುಭವ ಅವರಿಗೆ ಇರುತ್ತದೆ. ಹೊಸಬರು "ಎಂತ ಇಲ್ಲ" ಎನ್ನುತ್ತಾರೆ. ಮೂರನೆಯದಾಗಿ ಒಂದು ಸಲ ಎದುರಿಗೇ ಮಾಡಿಸಿ ನೋಡಿ. ಕೊನೆಗೆ ಹಿಂದಿನ ಮೂರು ಸಲದ ಫಲಿತಾಂಶ ತೆಗೆದು ನೋಡಿ. ಒಂದು ಸಲ ಸರಿಯಾದದ್ದು ಅದೃಷ್ಟದಿಂದಲೂ ಇರಬಹುದು, ಮೂರು ಸಲ ಆಗಿದ್ದರೆ ಕೈ ಕೂತಿದೆ.

ಮನಸ್ಸಿಲ್ಲ ಎಂದು ಕಂಡದ್ದನ್ನೆಲ್ಲ ಸೋಮಾರಿತನ ಎನ್ನುವುದು ಎರಡನೇ ತೊಡಕು. ಹೆದರಿಕೆಯೂ ಹೊರಗಿನಿಂದ ಹಾಗೇ ಕಾಣುತ್ತದೆ, ಆಯಾಸವೂ ಹಾಗೇ, ಹಳೇ ಬೇಸರವೂ ಹಾಗೇ. ಹೆದರಿದವರಿಗೆ ಕೆಲಸವನ್ನು ಸಣ್ಣದು ಮಾಡಿ ಕೊಡಬೇಕು. ದಣಿದವರಿಗೆ ರಜೆ ಬೇಕು, ಭಾಷಣ ಬೇಡ. ಬೇಸರದವರಿಗೆ ಮೊದಲು ಕೂಲಿಯ ಬಾಕಿಯೋ ಸರದಿಯ ಅನ್ಯಾಯವೋ ಸರಿಯಾಗಬೇಕು. ಅದನ್ನು ಮಾಡದೆ ನೀವು ಯಾವ ಶೈಲಿ ಹಿಡಿದರೂ ನಾಟಕದಂತೆ ಕಾಣುತ್ತದೆ.

ಮೊದಲ ಹಂತದಲ್ಲಿ, ಹೊಸಬರಿಗೆ ಹೇಳುವ ಕ್ರಮ ಹೀಗೆ. ನೀವು ಮಾಡಿ ತೋರಿಸಿ. ಇಬ್ಬರೂ ಸೇರಿ ಮಾಡಿ. ಅವರು ಮಾಡಲಿ, ನೀವು ನೋಡಿ. ಆಮೇಲೆ ಅವರೇ ಮಾಡಲಿ, ನೀವು ಫಲಿತಾಂಶ ಮಾತ್ರ ನೋಡಿ. ಒಂದು ಸಲಕ್ಕೆ ಒಂದೇ ಭಾಗ. ಪ್ರತಿ ಸೂಚನೆಯಲ್ಲೂ ಎಷ್ಟು, ಎಷ್ಟು ಹೊತ್ತಿಗೆ, ಯಾವಾಗ ನಿಲ್ಲಿಸಿ ಕರೆಯಬೇಕು ಎಂಬ ಮೂರು ಇರಬೇಕು. "ಜಾಗ್ರತೆಯಿಂದ ತೂಗಿ" ಎಂಬುದು ಸೂಚನೆಯೇ ಅಲ್ಲ. "ಖಾಲಿ ಟ್ರೇ ಇಟ್ಟು ಸೊನ್ನೆ ಬಂದ ಮೇಲೆ ತೂಗಿ, ಪ್ರತಿ ಟ್ರೇ ತೂಗಿದ ಕೂಡಲೇ ಬರೆಯಿರಿ, ಸಂಜೆಯ ಒಟ್ಟು ಬೆಳಗ್ಗಿನ ಒಟ್ಟಿಗಿಂತ ಅರ್ಧ ಕಿಲೋ ಕಮ್ಮಿ ಬಂದರೆ ಮುಂದೆ ಹೋಗಬೇಡಿ, ನನ್ನನ್ನು ಕರೆಯಿರಿ" ಎಂಬುದು ಸೂಚನೆ. ಆ ಅರ್ಧ ಕಿಲೋ ನಿಮ್ಮ ಶೆಡ್ಡಿನ ವಾಡಿಕೆ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ, ಆದರೆ ಒಂದು ಅಂಕಿ ಇರಲೇಬೇಕು. ನೋಡಲು ಹೋಗುವ ಅಂತರಕ್ಕೆ ನಾನು ಹೇಳುವ ಅಂದಾಜು: ಮೊದಲ ದಿನ ಗಂಟೆಗೊಮ್ಮೆ, ಮೊದಲ ವಾರ ದಿನಕ್ಕೆ ಎರಡು ಸಲ, ಆಮೇಲೆ ದಿನಕ್ಕೊಮ್ಮೆ. ತಪ್ಪು ಮುಂದೆ ಹೋದಷ್ಟೂ ಸರಿಪಡಿಸುವ ಖರ್ಚು ಹೆಚ್ಚುವ ಕೆಲಸಗಳಲ್ಲಿ ಅಂತರ ಇನ್ನೂ ಹತ್ತಿರ ಇರಲಿ. ಡಬ್ಬಿಗೆ ತುಂಬಿ ಮುಚ್ಚಿದ ಮೇಲೆ ಗ್ರೇಡ್ ಬೆರಕೆ ಸಿಕ್ಕಿದರೆ ಡಬ್ಬಿ ಒಡೆಯಬೇಕಾಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಖಡಕ್ಕಾಗಿ ಹೇಳುವುದು ಬೇರೆ, ಏಕವಚನಕ್ಕೆ ಇಳಿಯುವುದು ಬೇರೆ. ತುಳುವಿನಲ್ಲಿ 'ಈರ್' ಹೋಗಿ 'ಈ' ಬಂದ ಕ್ಷಣ, ಕನ್ನಡದಲ್ಲಿ 'ನೀವು' ಹೋಗಿ 'ನೀನು' ಬಂದ ಕ್ಷಣ, ಎದುರಿನವರಿಗೆ ಸೂಚನೆ ಕೇಳಿಸುವುದು ನಿಲ್ಲುತ್ತದೆ, ಅವಮಾನ ಮಾತ್ರ ಕೇಳಿಸುತ್ತದೆ. ಇಪ್ಪತ್ತಾರು ವರ್ಷದ ಎಂಜಿನಿಯರು ಐವತ್ತು ದಾಟಿದ ಫಿಟ್ಟರಿಗೆ ಹೊಸ ಯಂತ್ರ ಕಲಿಸುವಾಗ ಸೂಚನೆಯಲ್ಲಿ ಸ್ವಲ್ಪವೂ ಸಡಿಲ ಬೇಡ, ಸಂಬೋಧನೆಯಲ್ಲಿ ಪೂರ್ತಿ ಮರ್ಯಾದೆ ಬೇಕು. "ಅಣ್ಣ, ಈ ವಾಲ್ವ್ ಮೊದಲು ಬಂದ್ ಮಾಡಿ, ಮತ್ತೆ ಆ ಬೋಲ್ಟು. ಹಿಂದುಮುಂದು ಆದ್ರೆ ಕೈ ಸುಡ್ತದೆ." ಇದಕ್ಕಿಂತ ಖಡಕ್ಕಾದ ಸೂಚನೆ ಇಲ್ಲ, ಇದರಲ್ಲಿ ಯಾರೂ ಸಣ್ಣವರಾಗಲಿಲ್ಲ. ಹಿರಿಯರಿಗೆ ಹೇಗೆ ಹೇಳುವುದು ಎಂಬ ಸಂಕೋಚಕ್ಕೆ ಸೂಚನೆಯನ್ನೇ ಅರ್ಧ ಮಾಡುವವರು ಅವರ ಕೈಗೇ ಅಪಾಯ ತರುತ್ತಾರೆ.

ಎರಡನೇ ಹಂತದಲ್ಲೇ, ಅಂದರೆ ಕಾರಣ ಕೊಟ್ಟು ಒಪ್ಪಿಸಬೇಕಾದ ಹೊತ್ತಿನಲ್ಲೇ, ಹೆಚ್ಚು ಮಂದಿ ಕೆಲಸ ಬಿಡುವುದು, ಹೆಚ್ಚು ಮಂದಿ ನಾಯಕರು ಎಡವುವುದೂ ಅಲ್ಲೇ. ಹೊಸ ಉತ್ಸಾಹ ಕೆಲಸದ ಅಸಲು ರೂಪ ಕಂಡ ಮೇಲೆ ಇಳಿಯುತ್ತದೆ. ಮಲ್ಪೆಯಿಂದ ಆಳಸಮುದ್ರ ಬೋಟು ಹತ್ತಿದ ಹುಡುಗನಿಗೆ ಮೊದಲ ಎರಡು ದಿನ ಎಲ್ಲವೂ ಹೊಸತು. ಮೂರನೇ ದಿನ ವಾಂತಿ, ನಿದ್ರೆ ಇಲ್ಲ, ಅಂಗೈಯಲ್ಲಿ ಹಗ್ಗ ಉಜ್ಜಿದ ಗಾಯ, ಮೊಬೈಲಿಗೆ ಸಿಗ್ನಲ್ ಇಲ್ಲ. ಕಲಿತದ್ದು ಸ್ವಲ್ಪ, ಕಲಿಯದ್ದು ಎಷ್ಟು ಎಂದು ಈಗ ಗೊತ್ತಾಗಿದೆ. ಆಫೀಸಿನಲ್ಲಿ ಇದೇ ಇಳಿತ ಮೂರನೇ ಅಥವಾ ನಾಲ್ಕನೇ ವಾರಕ್ಕೆ ಬರುತ್ತದೆ.

ಆಗ ಎರಡು ತಪ್ಪು ನಡೆಯುತ್ತವೆ. ಒಂದು, ಗದರಿಸುವುದು: ಸೂಚನೆ ಹೆಚ್ಚುತ್ತದೆ, ಆಸರೆ ಸೊನ್ನೆ. ಇನ್ನೊಂದು, ಪಾಪ ಎಂದು ಬಿಟ್ಟುಬಿಡುವುದು: "ನಿನಗೆ ಹೇಗೆ ಆಗ್ತದೋ ಹಾಗೆ ಮಾಡು." ಎರಡನೆಯದು ಕರುಣೆಯಂತೆ ಕಂಡರೂ ಇನ್ನೂ ಹೆಚ್ಚು ಕೆಟ್ಟದ್ದು, ಏಕೆಂದರೆ ಹೇಗೆ ಮಾಡುವುದು ಎಂದು ತಿಳಿಯದೇ ಅವನು ಕುಸಿದಿದ್ದಾನೆ. ಈ ಹಂತಕ್ಕೆ ಎರಡೂ ಪೂರ್ತಿ ಬೇಕು. ಮೊದಲು ಐದು ನಿಮಿಷ ಕೂತು ಕೇಳಿ, ನಡುವೆ ಬಾಯಿ ಹಾಕದೆ. ಆಮೇಲೆ ಕಾರಣ ಹೇಳಿ: ಹಗ್ಗವನ್ನು ಹೀಗೇ ಏಕೆ ಸುತ್ತಬೇಕು, ಕಾಲು ಸುರುಳಿಯ ಒಳಗೆ ಯಾಕೆ ಇರಬಾರದು. ಮೊದಲ ಹಂತದಲ್ಲಿ ಕಾರಣ ತಲೆಗೆ ಹೋಗುವುದಿಲ್ಲ, ಈಗ ಹೋಗುತ್ತದೆ. ಮತ್ತೆ ಸೂಚನೆಯನ್ನು ಮುಂಚಿನಷ್ಟೇ ಸ್ಪಷ್ಟವಾಗಿ ಕೊಡಿ. ಕೊನೆಗೆ ಅವನು ಈಗಾಗಲೇ ಸರಿ ಮಾಡುತ್ತಿರುವ ಒಂದು ಕೆಲಸವನ್ನು ಹೆಸರು ಹಿಡಿದು ಹೇಳಿ. "ಚೆನ್ನಾಗಿ ಮಾಡ್ತಿದ್ದಿ" ಎಂದರೆ ಸಾಲದು. "ಬಲೆ ಮಡಚುವಾಗ ತೇಲುಬೆಂಡು ಒಂದು ಕಡೆ, ಗುಂಡು ಒಂದು ಕಡೆ ಸರಿ ಬಂತು ಇವತ್ತು" ಎಂದರೆ ನಾಳೆಯೂ ಹಾಗೇ ಬರುತ್ತದೆ.

ಮೂರನೇ ಹಂತದವರು ಬಾಗಿಲಲ್ಲಿ ನಿಂತು ಕೇಳುವವರು. ಕೆಲಸ ಬರುತ್ತದೆ, ಆದರೂ ಪ್ರತಿ ಸಲ "ಹೀಗೆ ಮಾಡ್ಲಾ?" ಎಂದು ಬರುತ್ತಾರೆ. ಉತ್ತರ ಕೊಡುವುದು ಸುಲಭ, ಕೊಟ್ಟರೆ ನಾಳೆಯೂ ಬರುತ್ತಾರೆ. "ನಿಮಗೆ ಎಂತ ಅನ್ನಿಸ್ತದೆ?" ಎಂದು ಕೇಳಿ ಹತ್ತು ಸೆಕೆಂಡು ಸುಮ್ಮನಿರಿ. ಹತ್ತು ಸೆಕೆಂಡು ಬಹಳ ದೀರ್ಘ ಅನ್ನಿಸುತ್ತದೆ, ಹೆಚ್ಚಿನವರು ಮೂರಕ್ಕೇ ಬಾಯಿ ತೆರೆಯುತ್ತಾರೆ. ಅವರು ಹೇಳಿದ ದಾರಿ ನಿಮ್ಮದಕ್ಕಿಂತ ಬೇರೆಯಾಗಿದ್ದು ಫಲಿತಾಂಶ ಕೆಡುವುದಿಲ್ಲ ಎಂದಾದರೆ ಅದನ್ನೇ ಮಾಡಲು ಬಿಡಿ. ಸಣ್ಣಪುಟ್ಟದ್ದನ್ನು ತಿದ್ದಿದಿರೋ, ಅದು ಮತ್ತೆ ನಿಮ್ಮ ಕೆಲಸವಾಯಿತು.

ಈ ಹಂತದ ನಾಯಕತ್ವವನ್ನು ಕಣ್ಣಾರೆ ನೋಡಬೇಕಾದರೆ ಯಕ್ಷಗಾನದ ರಂಗಸ್ಥಳಕ್ಕೆ ಹೋಗಿ ಭಾಗವತರನ್ನೇ ಗಮನಿಸಬೇಕು. ಭಾಗವತರು ಆಟದ ಸೂತ್ರಧಾರರು. ಪದ್ಯ ಅವರದ್ದು, ಲಯ ಅವರದ್ದು, ಚೆಂಡೆ ಮದ್ದಳೆಯವರು ಅವರ ಕಡೆ ಕಣ್ಣಿಟ್ಟಿರುತ್ತಾರೆ. ಆದರೆ ಅರ್ಥ, ಅಂದರೆ ಪದ್ಯದ ಮೇಲೆ ಆಡುವ ಮಾತು, ವೇಷಧಾರಿಯದ್ದು, ಅದು ಬಾಯಿಪಾಠವಲ್ಲ, ಅಲ್ಲೇ ಹುಟ್ಟುವಂಥದ್ದು. ಹೊಸ ವೇಷಧಾರಿ ಬಂದರೆ ಪಳಗಿದ ಭಾಗವತರು ಲಯವನ್ನು ಅವರ ಹೆಜ್ಜೆಗೆ ಸಿಗುವಷ್ಟರಲ್ಲಿ ಹಿಡಿಯುತ್ತಾರೆ, ಅರ್ಥ ತಡವರಿಸಿದರೆ ಮುಂದಿನ ಪದ್ಯ ಎತ್ತಿಕೊಂಡು ದಾಟಿಸುತ್ತಾರೆ. ಹಿರಿಯ ಕಲಾವಿದರು ರಂಗದಲ್ಲಿದ್ದರೆ ಅದೇ ಭಾಗವತರು ಅವರ ಮುಖ ನೋಡಿ ಪದ್ಯದ ಸಾಲನ್ನು ಪುನಃ ಹಾಡಿ ಕುಣಿತಕ್ಕೆ ಜಾಗ ಕೊಡುತ್ತಾರೆ. ಕಾಲಮಿತಿಯ ಆಟವಾದರೆ ಯಾವ ಪದ್ಯ ಬಿಡುವುದು ಎಂಬ ಲೆಕ್ಕವೂ ಅವರ ತಲೆಯಲ್ಲೇ. ಒಬ್ಬರೇ ಭಾಗವತರು, ಒಂದೇ ಪ್ರಸಂಗ, ಗಂಟೆಯೊಳಗೆ ಮೂರು ರೀತಿ. ಶೈಲಿ ಬದಲಿಸಿದರೆ ನಾಯಕನ ತೂಕ ಹೋಗುತ್ತದೆ ಎನ್ನುವವರು ಇದನ್ನು ನೋಡಬೇಕು. ಅವರ ಅಧಿಕಾರ ಒಂದು ಕ್ಷಣವೂ ಸಡಿಲವಾಗುವುದಿಲ್ಲ.

ವಹಿಸಿಕೊಡುವುದು ಎಂದರೆ ಮರೆತುಬಿಡುವುದಲ್ಲ. ವಹಿಸುವ ಮೊದಲು ನಾಲ್ಕು ವಿಷಯ ಇತ್ಯರ್ಥವಾಗಬೇಕು: ಕೊನೆಗೆ ಏನು ಆಗಿರಬೇಕು, ಹಣ ಮತ್ತು ಹೊತ್ತಿನ ಮಿತಿ ಎಷ್ಟು, ಯಾವಾಗ ಸುದ್ದಿ ಕೊಡಬೇಕು, ಯಾವುದಾದರೆ ಕೂಡಲೇ ಕರೆಯಬೇಕು. ಅನ್ನಸಂತರ್ಪಣೆಗೆ ಅಡುಗೆ ಭಟ್ಟರನ್ನು ಗೊತ್ತು ಮಾಡುವಾಗ ಸಮಿತಿಯವರು ಹೇಳಬೇಕಾದ್ದು ಎಷ್ಟು ಎಲೆ, ಊಟದ ಮೊದಲ ಹಂತಿ (ಪಂಕ್ತಿ) ಎಷ್ಟು ಗಂಟೆಗೆ, ಪಾಯಸ ಒಂದೋ ಎರಡೋ, ಸಾಮಾನಿಗೆ ಎಷ್ಟು ದುಡ್ಡು, ಜನ ಹೆಚ್ಚಾಗುವ ಸೂಚನೆ ಸಿಕ್ಕಿದರೆ ಎಷ್ಟು ಹೊತ್ತು ಮೊದಲು ಭಟ್ಟರಿಗೆ ತಿಳಿಸಬೇಕು. ಸಾರಿಗೆ ಹುಳಿ ಎಷ್ಟು ಎಂದು ಹೇಳಲು ಹೋದರೆ "ಹಾಗಾದ್ರೆ ನೀವೇ ಮಾಡಿ ಮಾರಾಯ್ರೆ" ಎಂಬ ಉತ್ತರ ಬರುತ್ತದೆ, ಅದು ನ್ಯಾಯವೂ ಹೌದು. ಇನ್ನೊಂದು ಕಡೆ, ಸಮಿತಿಯವರು ಎಲೆಯ ಲೆಕ್ಕ ಕೊಡದೆ "ಎಲ್ಲ ನಿಮಗೆ ಬಿಟ್ಟದ್ದು" ಎಂದು ಕೈತೊಳೆದರೆ ಮೂರನೇ ಹಂತಿಗೆ ಅನ್ನ ಸಾಲದೆ ಬಂದಾಗ ಬೈಗುಳ ಭಟ್ಟರ ಪಾಲಿಗೆ. ಬಿಟ್ಟುಕೊಡುವಾಗ ವಿಧಾನವನ್ನು ಬಿಡಿ, ಮಿತಿಯನ್ನು ಬಿಡಬೇಡಿ.

ಇಷ್ಟು ಹೊತ್ತು ಹೇಳಿದ್ದು ಜನರ ಬಗ್ಗೆ. ಸನ್ನಿವೇಶವೂ ಅಷ್ಟೇ ಮುಖ್ಯ, ಕೆಲವೊಮ್ಮೆ ಅದೇ ಮೇಲುಗೈ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗಸ್ಟಿನಲ್ಲಿ ಬೋಟು ಇಳಿಯುವಾಗ ಕಡಲು ಇನ್ನೂ ಒರಟು, ತಂಡದಲ್ಲಿ ಅರ್ಧ ಮಂದಿ ಹೊಸಬರು, ಅವರಲ್ಲಿ ಕೆಲವರಿಗೆ ತುಳುವೂ ಬಾರದು ಕನ್ನಡವೂ ಬಾರದು. ಬೋಟು ನಡೆಸುವ ತಾಂಡೇಲನಿಗೆ ಆಗ ಚರ್ಚೆಗೆ ಹೊತ್ತಿಲ್ಲ. ಪರ್ಸೀನ್ ಬಲೆಯಲ್ಲಿ ಮೀನಿನ ಗುಂಪನ್ನು ಸುತ್ತುವರಿದ ಮೇಲೆ ತಳದ ಹಗ್ಗ ಎಳೆದು ಬಲೆಯ ಅಡಿ ಮುಚ್ಚಬೇಕು. ತಡವಾದರೆ ಮೀನು ಕೆಳಗಿನಿಂದ ಜಾರುತ್ತದೆ. ಆ ನಿಮಿಷಗಳಲ್ಲಿ ಇಪ್ಪತ್ತು ವರ್ಷದ ಅನುಭವಿಯೂ ನಿನ್ನೆ ಬಂದವನೂ ಒಂದೇ ದನಿಗೆ ಕೈ ಹಾಕಬೇಕು. ಅಂಥಲ್ಲಿ ಆಜ್ಞೆಗೆ ಒಂದು ಅಚ್ಚು ಇರಲಿ: ಮೊದಲು ಹೆಸರು, ಆಮೇಲೆ ಒಂದೇ ಕ್ರಿಯಾಪದ, ಕೇಳಿದವನು ಅದನ್ನು ತಿರುಗಿ ಕೂಗಬೇಕು. ಬೇರೆ ಭಾಷೆಯವರಿದ್ದರೆ ಹತ್ತು ಪದ ಆರಿಸಿ ಬಂದರಿನಲ್ಲೇ ಅಭ್ಯಾಸ ಮಾಡಿಸಿ. ಎಳಿ, ಬಿಡು, ನಿಲ್ಲು, ಹಿಂದೆ ಬಾ ಎಂಬಷ್ಟೇ ಸಾಕು.

ಅದೇ ತಾಂಡೇಲ ಅದೇ ಸಂಜೆ, ಯಾವ ಕಡೆ ಹೋಗುವುದು, ಐಸ್ ಎಷ್ಟು ದಿನಕ್ಕೆ ಬರುತ್ತದೆ, ಗಾಳಿ ತಿರುಗಿದರೆ ಎಲ್ಲಿ ಆಸರೆ ಎಂದು ಅನುಭವಿಗಳನ್ನು ಕೂರಿಸಿ ಕೇಳಬೇಕು. ತುರ್ತು ಮುಗಿದ ಮೇಲೆ ತುರ್ತಿನ ದನಿಯೂ ಮುಗಿಯಬೇಕು. ಇದು ಕಚೇರಿಗಳಲ್ಲಿ ಕಾಣದಿರುವುದನ್ನು ನೋಡಿ ಬೇಸರವಾಗುತ್ತದೆ. ಒಂದು ಬಿಕ್ಕಟ್ಟಿನಲ್ಲಿ ಕೂಗಿ ಗೆದ್ದವರು ಮತ್ತೆ ಪ್ರತಿ ಸೋಮವಾರವನ್ನೂ ಬಿಕ್ಕಟ್ಟು ಮಾಡುತ್ತಾರೆ. ಆಗ ತಿಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನಿಜವಾದ ಅಪಾಯದ ಸುದ್ದಿ ಮೇಲಕ್ಕೆ ಬರುವುದು ನಿಲ್ಲುತ್ತದೆ. ತುರ್ತಿನಲ್ಲಿ ಕೂಗಿದ್ದರೆ ಅದೇ ದಿನ ಹತ್ತು ನಿಮಿಷ ಕೂತು ಯಾಕೆ ಹಾಗೆ ಹೇಳಬೇಕಾಯಿತು, ಮುಂದಿನ ಸಲ ಏನು ಬೇರೆ ಮಾಡಬಹುದು ಎಂದು ಕೇಳಿ. ಆ ಹತ್ತು ನಿಮಿಷಕ್ಕೆ ಬಹಳ ಬೆಲೆ ಇದೆ.

ನಿರ್ಧಾರಗಳಲ್ಲಿ ಯಾವಾಗ ಕೇಳಬೇಕು ಎಂಬುದಕ್ಕೆ ಸಂಶೋಧಕರಾದ ವಿಕ್ಟರ್ ವ್ರೂಮ್ ಮತ್ತು ಫಿಲಿಪ್ ಯೆಟನ್ 1973ರಲ್ಲಿ ಒಂದು ಪ್ರಶ್ನೆಗಳ ಸರಣಿಯನ್ನೇ ಕೊಟ್ಟರು. ದಿನಬಳಕೆಗೆ ಅದರಲ್ಲಿ ಮೂರು ಸಾಕು. ಬೇಕಾದ ಮಾಹಿತಿ ನನ್ನಲ್ಲಿ ಉಂಟೇ? ಇಲ್ಲದಿದ್ದರೆ ಕೇಳಲೇಬೇಕು. ಅವರು ಒಪ್ಪದಿದ್ದರೆ ಕೆಲಸ ನಡೆದೀತೇ? ಮಳೆಗಾಲದ ಪಾಳಿಯ ಸಮಯ ಬದಲಿಸುವಾಗ ಬಸ್ಸು ಹಿಡಿಯುವವರು ಅವರು, ಹಾಗಾಗಿ ಕೇಳಬೇಕು. ಅವರ ಗುರಿಯೂ ಸಂಸ್ಥೆಯ ಗುರಿಯೂ ಈ ವಿಷಯದಲ್ಲಿ ಒಂದೇ ದಿಕ್ಕಿಗೆ ಇದೆಯೇ? ಇದ್ದರೆ ನಿರ್ಧಾರವನ್ನೇ ಅವರ ಕೈಗೆ ಕೊಡಬಹುದು, ಇಲ್ಲದಿದ್ದರೆ ಅಭಿಪ್ರಾಯ ಕೇಳಿ ನಿರ್ಧಾರ ನಿಮ್ಮಲ್ಲೇ ಇಟ್ಟುಕೊಳ್ಳಿ. ಕೇಳುವ ಮೊದಲೇ ಇವೆರಡರಲ್ಲಿ ಯಾವುದು ಎಂದು ಹೇಳಿಬಿಡಿ. ತೀರ್ಮಾನ ಆಗಿಹೋದದ್ದಕ್ಕೆ ಸಭೆ ಕರೆಯಲೇಬೇಡಿ. ಒಂದು ಸಲ ಹಾಗೆ ಮಾಡಿದರೆ ಮುಂದಿನ ಹತ್ತು ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ವಯಂಸೇವಕರ ವಿಷಯ ಬೇರೆಯೇ. ಸಂಬಳ ಇಲ್ಲ, ತೆಗೆದುಹಾಕುವ ಅಧಿಕಾರ ಇಲ್ಲ, ಭಕ್ತರು ಕಳುಹಿಸಿದ ಸಾಮಾನಿನ ಹೊರೆಕಾಣಿಕೆ ಇಳಿಸುವವರಲ್ಲಿ ಬ್ಯಾಂಕ್ ಮ್ಯಾನೇಜರೂ ಇರುತ್ತಾರೆ, ಕಾಲೇಜು ಹುಡುಗರೂ ಇರುತ್ತಾರೆ. ಮನಶ್ಶಾಸ್ತ್ರಜ್ಞ ಫ್ರೆಡ್ ಫೀಡ್ಲರ್ ನಾಯಕನ ಅನುಕೂಲವನ್ನು ಮೂರರಿಂದ ಅಳೆದರು: ಜನರ ಜೊತೆಗಿನ ಸಂಬಂಧ, ಕೆಲಸ ಎಷ್ಟು ಸ್ಪಷ್ಟ, ಹುದ್ದೆಯ ಬಲ ಎಷ್ಟು. ಇಲ್ಲಿ ಮೂರನೆಯದು ಸೊನ್ನೆ, ಹಾಗಾಗಿ ಎರಡನೆಯದನ್ನು ಗಟ್ಟಿ ಮಾಡಬೇಕು. ಬಡಿಸುವ ತಂಡಕ್ಕೆ ಯಾರ ಕೈಗೆ ಯಾವ ಪಾತ್ರೆ, ಯಾವ ಹಂತಿ, ಯಾರ ಹಿಂದೆ ಯಾರು ಎಂದು ಎಲೆ ಹಾಕುವ ಮೊದಲೇ ಗೊತ್ತಿರಬೇಕು. ಪ್ರತಿ ಹೊಸಬರ ಜೊತೆ ಒಬ್ಬ ಹಳಬರನ್ನು ಹಾಕಿ, ಎರಡು ಗಂಟೆಗೊಮ್ಮೆ ಬದಲಿ ಕೊಡಿ. ಸ್ವಯಂಸೇವಕರಿಗೆ ಆಜ್ಞೆ ಹಿಡಿಸುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಪಷ್ಟವಾದ ಸೂಚನೆಯನ್ನು ಅವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಏಳಕ್ಕೆ ಬಂದು ಹತ್ತರವರೆಗೆ ಏನು ಮಾಡುವುದೆಂದು ತಿಳಿಯದೆ ಚಪ್ಪರದ ಕಂಬಕ್ಕೆ ಒರಗಿ ನಿಂತವರು ಮಾತ್ರ ಮರುದಿನ ಬರುವುದಿಲ್ಲ.

ಫೀಡ್ಲರ್ ಇನ್ನೊಂದು ಮಾತನ್ನೂ ಹೇಳಿದ್ದಾರೆ, ಅದು ಹರ್ಸಿ ಮತ್ತು ಬ್ಲಾಂಚರ್ಡರಿಗೆ ಎದುರು: ನಾಯಕನ ಶೈಲಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ, ಆದ್ದರಿಂದ ಸನ್ನಿವೇಶವನ್ನು ಬದಲಿಸಿ ಅಥವಾ ನಾಯಕನನ್ನು ಹೊಂದುವ ಕಡೆ ಕೂರಿಸಿ. ಇದನ್ನು ತಳ್ಳಿಹಾಕಲಾಗದು. ಕೆಲವರಿಗೆ ಕೈಬಿಡುವುದು ಪ್ರಾಣಸಂಕಟ, ಅಂಥವರನ್ನು ಹೊಸಬರ ತರಬೇತಿಗೆ ಹಾಕಿದರೆ ಬಂಗಾರ. ಹರ್ಸಿಯವರ ಮಾದರಿಯ ಪರೀಕ್ಷೆಗಳೂ ಅದಕ್ಕೆ ಪೂರ್ತಿ ಬೆಂಬಲ ಕೊಟ್ಟಿಲ್ಲ. ಸಂಶೋಧಕ ರಾಬರ್ಟ್ ವೆಕಿಯೊ 1987ರಲ್ಲಿ ಅಮೆರಿಕದ ಹೈಸ್ಕೂಲುಗಳ 300ಕ್ಕೂ ಹೆಚ್ಚು ಶಿಕ್ಷಕರನ್ನೂ ಅವರ ಮುಖ್ಯೋಪಾಧ್ಯಾಯರನ್ನೂ ನೋಡಿದಾಗ ಮಾದರಿ ಹೊಸ ಶಿಕ್ಷಕರ ವಿಷಯದಲ್ಲಿ ಚೆನ್ನಾಗಿ ಹೊಂದಿತು, ಮೇಲಿನ ಹಂತಗಳಲ್ಲಿ ಅಷ್ಟು ಹೊಂದಲಿಲ್ಲ. ಹಾಗಾಗಿ ಮೊದಲೆರಡು ಹಂತವನ್ನು ಗಟ್ಟಿಯಾಗಿ ಪಾಲಿಸಿ, ಮೇಲಿನ ಎರಡರಲ್ಲಿ ನಿಮ್ಮ ವಿವೇಕಕ್ಕೆ ಹೆಚ್ಚು ಜಾಗ ಕೊಡಿ ಎಂಬುದು ನನ್ನ ಸಲಹೆ.

ನಮ್ಮ ದೇಶದ ಅನುಭವದಿಂದಲೇ ಹುಟ್ಟಿದ ವಿಚಾರವೂ ಇದೆ. ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ 1980ರಲ್ಲಿ ವಿವರಿಸಿದ ನಾಯಕ ಮನೆಯ ಹಿರಿಯನಂತೆ ಪೋಷಿಸುತ್ತಾನೆ, ಆದರೆ ಆ ಪ್ರೀತಿ ಕೆಲಸ ಮಾಡಿದವರಿಗೆ ಸಿಗುತ್ತದೆ, ಕೆಲಸದ ವಿಷಯದಲ್ಲಿ ರಿಯಾಯಿತಿ ಇಲ್ಲ. ಕೆಳಗಿನವರು ಬೆಳೆದಂತೆ ಅವನು ಸಮಾನರ ಜೊತೆ ಕೂರುವವನಾಗಬೇಕು. ಇಲ್ಲಿನ ಯಜಮಾನಿಕೆಯ ಸಂಸ್ಥೆಗಳಲ್ಲಿ ಮೊದಲರ್ಧ ಸೊಗಸಾಗಿ ನಡೆಯುತ್ತದೆ. ಮಗಳ ಮದುವೆಗೆ ಮುಂಗಡ ಕೊಡುತ್ತಾರೆ, ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗುತ್ತಾರೆ. ಎರಡನೆಯರ್ಧ ಬರುವುದಿಲ್ಲ. ಇಪ್ಪತ್ತು ವರ್ಷವಾದರೂ ಸಾವಿರ ರೂಪಾಯಿಯ ಬಿಲ್ಲಿಗೆ ಯಜಮಾನರ ಸಹಿಯೇ ಬೇಕು.

ಪಳಗಿದವರು ಒಮ್ಮೆ ಎಡವಿದಾಗ ಏನು ಮಾಡುವುದು? ಮನೆಯಲ್ಲಿ ಕಾಯಿಲೆ ಇರಬಹುದು, ಹೊಸ ಯಂತ್ರ ಬಂದಿರಬಹುದು. ಆಗ ಒಂದೇ ಹೆಜ್ಜೆ ಹಿಂದೆ ಹೋಗಿ: ವಹಿಸಿಕೊಟ್ಟಲ್ಲಿಂದ ಜೊತೆಗೆ ನಿಲ್ಲುವಲ್ಲಿಗೆ. ಒಮ್ಮೆಲೇ ಮೊದಲಿಗೆ ಹಾರಿ ಗಂಟೆಗೊಮ್ಮೆ ಹೋಗಿ ನೋಡಿದರೆ ಅದನ್ನು ಶಿಕ್ಷೆ ಎಂದೇ ತಿಳಿಯುತ್ತಾರೆ, ಮತ್ತೆ ಆ ನಂಬಿಕೆ ಕಟ್ಟಲು ವರ್ಷ ಬೇಕು.

"ಅವರಿಗೆ ಬಿಡ್ತೀರಿ, ನನಗೆ ಮಾತ್ರ ಹಿಂದೆ ನಿಂತು ಹೇಳ್ತೀರಿ" ಎಂಬ ದೂರು ಬಂದೇ ಬರುತ್ತದೆ. ಇದಕ್ಕೆ ಒಂದೇ ಮದ್ದು, ನಿಯಮವನ್ನು ಮೊದಲೇ ಬಹಿರಂಗ ಮಾಡುವುದು. ಕೆಲಸದ ಮಟ್ಟ ಎಲ್ಲರಿಗೂ ಒಂದೇ, ನೋಡಲು ಬರುವ ಅಂತರ ಮಾತ್ರ ಬೇರೆ, ಸತತ ಮೂರು ವಾರ ಸರಿ ಬಂದರೆ ಅಂತರ ಎರಡರಷ್ಟು ಆಗುತ್ತದೆ ಎಂದು ಗೋಡೆಗೆ ಅಂಟಿಸಿ. ಆಗ ಸಡಿಲಿಕೆ ಒಲವಿನಿಂದ ಬಂದದ್ದಲ್ಲ, ದುಡಿದು ಗಳಿಸಿದ್ದು ಎಂದು ಎಲ್ಲರಿಗೂ ಕಾಣುತ್ತದೆ.

ಗ್ರೇಡಿಂಗ್ ಮೇಜಿನ ಅಕ್ಕನ ಕಡೆಗೆ ಮರಳಿದರೆ, ಆ ಮ್ಯಾನೇಜರು ಇನ್ನೂ ತಡಮಾಡಿಲ್ಲ. ಸೋಮವಾರ ತೂಕದ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ಎರಡು ಟ್ರೇ ತಾವು ಬರೆಯಲಿ, ಎರಡನ್ನು ಅವರಿಂದ ಬರೆಸಲಿ. ವಾರದ ಕೊನೆಯವರೆಗೆ ದಿನಕ್ಕೆ ಎರಡು ಸಲ ಒಟ್ಟು ನೋಡಲಿ. ಮಾತು ಬಿಟ್ಟ ಇಬ್ಬರ ವಿಷಯದಲ್ಲಿ ತೀರ್ಪು ಕೊಡದೆ, "ನೀವು ಎಂತ ಹೇಳ್ಬೇಕು ಅಂತ ಇದ್ದೀರಿ ಅಕ್ಕ?" ಎಂದು ಕೇಳಿ, ಅವರು ಹೇಳುವುದನ್ನು ಒಮ್ಮೆ ತಮ್ಮೆದುರು ಹೇಳಿಸಿ ಕಳುಹಿಸಲಿ. ಗ್ರೇಡ್ ಬೆರಕೆಯ ಬಗ್ಗೆ ಬಾಯಿ ತೆರೆಯದಿರಲಿ. ಮೂರನೇ ವಾರದ ಬೇಸರಕ್ಕೆ ಐದು ನಿಮಿಷ ತೆಗೆದಿಟ್ಟುಕೊಳ್ಳಲಿ. ಆರನೇ ವಾರ ಪುಸ್ತಕ ಆಫೀಸಿನ ಬೀರುವಿನಿಂದ ಹೊರಬಂದು ಅವರ ಮೇಜಿನ ಮೇಲೆ ಇರಲಿ, ದಿನದ ಒಟ್ಟಿನ ಕೆಳಗೆ ಅವರದೇ ಸಹಿ ಬೀಳಲಿ.